ಅಗ್ಗದ ಲೋಹ, ದುಬಾರಿ ಕರೆಂಟು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಸಿರಿಗೆರೆಗೆ ಬಂದಿರುವ ವಿಜ್ಞಾನ ಶಿಕ್ಷಕರೆ, ವಿದ್ಯಾರ್ಥಿಗಳೆ,

ಬರದ ನಾಡಿನಲ್ಲಿ ನಿಂತು ನೀರನ್ನು ಒಡೆಯುವ ಮಾತಾಡಿದರೆ ‘ಕುಡಿಯೋಕೇ ಇಲ್ಲ, ಒಡೆಯೋಕೆ ಎಲ್ಲಿಂದ ತರ್ತೀರಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಕಿಲೊ ಹೈಡ್ರೋಜನ್ನಿಗೆ ಒಡೆಯಬೇಕಾದ ನೀರು 9 ಲೀಟರ್. ನಮ್ಮ ಕೊಳವೆಬಾವಿಯ ಫ್ಲೋರೈಡ್ ನೀರನ್ನು ಹಾಗೇ ಒಡೆಯುವ ಯಂತ್ರಕ್ಕೆ ಬಿಡುವಂತಿಲ್ಲ, ಸೋಸುವಾಗ ಪೋಲಾಗುವುದು ಬೇರೆ. ಆದರೆ ಅದೇ ಕಿಲೊಗೆ ವಿದ್ಯುತ್ತು ಸುಮಾರು 50 ಯೂನಿಟ್ ಬೇಕು. ಜೇಬು ಸುಡುವುದು ಅಲ್ಲಿ.

ಲೆಕ್ಕದ ಪ್ರಕಾರ ನೀರು ಒಡೆಯಲು 1.23 ವೋಲ್ಟ್ ಸಾಕು. ಯಂತ್ರಗಳು ಬೇಡುವುದು 1.8ರ ಆಸುಪಾಸು. ಈ ಹೆಚ್ಚುವರಿಯನ್ನು ತಗ್ಗಿಸುವುದೇ ವೇಗವರ್ಧಕದ ಕೆಲಸ. ಹೈಡ್ರೋಜನ್ ಬರುವ ಬದಿ ಅಷ್ಟು ಕಾಡುವುದಿಲ್ಲ. ಆಕ್ಸಿಜನ್ ಬದಿಯಲ್ಲಿ ಒಂದೊಂದು ಅಣುವಿಗೂ ನಾಲ್ಕು ಎಲೆಕ್ಟ್ರಾನು ಸರಿಯಬೇಕು, ತಡವಾಗುವುದು ಅಲ್ಲೇ. ಆಮ್ಲೀಯ ಪೊರೆಯ ಯಂತ್ರಗಳಲ್ಲಿ ಆ ಜಾಗದಲ್ಲಿ ಹೆಚ್ಚು ಕರಗದೆ ಬಾಳುವ ಲೋಹ ಇರಿಡಿಯಂ. ಅದು ಇಡೀ ಜಗತ್ತಿಗೆ ವರ್ಷಕ್ಕೆ ಸಿಗುವುದು ಹತ್ತು ಟನ್ನಿಗಿಂತ ಕಡಿಮೆ, ಬಹುಪಾಲು ದಕ್ಷಿಣ ಆಫ್ರಿಕದಿಂದ. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ ಇಟ್ಟುಕೊಂಡಿದೆ. ಇರಿಡಿಯಂ ಒಂದನ್ನೇ ನೆಚ್ಚಿದರೆ ಆ ಗುರಿ ಕೈಗೆಟುಕದು.

ಕ್ಷಾರ ದ್ರಾವಣದಲ್ಲಾದರೆ ನಿಕ್ಕಲ್, ಕಬ್ಬಿಣ ಸಾಕು. ದ್ರಾವಣದಲ್ಲಿ ಕಲ್ಮಶವಾಗಿ ಬೆರೆತ ಚೂರು ಕಬ್ಬಿಣವೇ ನಿಕ್ಕಲ್ಲನ್ನು ಚುರುಕುಗೊಳಿಸುತ್ತದೆ ಎಂಬುದು 1980ರ ದಶಕದಲ್ಲೇ ಕಂಡುಬಂದಿತ್ತು. ಇನ್ನು ಮ್ಯಾಂಗನೀಸ್: ಹೊಲದ ಜೋಳದ ಎಲೆ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇಟ್ಟುಕೊಂಡು ಬಿಸಿಲಿನಲ್ಲೇ ನೀರು ಒಡೆಯುತ್ತಿದೆ. ಕಬ್ಬಿಣ, ಮ್ಯಾಂಗನೀಸ್ ಎರಡೂ ನಮ್ಮ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿವೆ. ಅದಿರಿದೆ ಎಂದು ಬೀಗಬೇಡಿ, ಅದಿರಿನ ಲಾರಿಗಳಿಂದ ರಸ್ತೆಬದಿಯ ಊರಿಗೆ ಸಿಕ್ಕಿದ್ದು ಧೂಳೇ ಹೆಚ್ಚು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರಗಳಲ್ಲಿ ಇಂಥ ವೇಗವರ್ಧಕಗಳ ಮೇಲೆ ಕೆಲಸ ನಡೆದಿದೆ. ಸಂತೋಷ. ಆದರೆ ಲೋಹದ ಬೆಲೆ ನೋಡಿ ‘ಅಗ್ಗ’ ಎನ್ನುವ ಚಾಳಿಗೆ ನನ್ನ ತಕರಾರಿದೆ. ವೋಲ್ಟೇಜು ಬರೀ 0.1 ಏರಿದರೂ ಕಿಲೊ ಹೈಡ್ರೋಜನ್ನಿಗೆ ಎರಡೂವರೆ ಯೂನಿಟ್ಟಿಗಿಂತ ಹೆಚ್ಚು ಕರೆಂಟು ದಂಡ. ವರ್ಷಗಟ್ಟಲೆ ಈ ದಂಡ ತೆರುವ ಕಬ್ಬಿಣ, ಕೊನೆಗೆ ದುಬಾರಿ ಲೋಹಕ್ಕೇ ಸಮನಾದೀತು.

ಇನ್ನೊಂದು ತೊಡಕನ್ನು ಈ ಜಿಲ್ಲೆಯವರೇ ಚೆನ್ನಾಗಿ ಬಲ್ಲರು. ಜೋಗಿಮಟ್ಟಿಯ ಸಾಲಿನ ಗಾಳಿಯಂತ್ರಗಳು ಆಷಾಢದಲ್ಲಿ ಭರಭರ ತಿರುಗುತ್ತವೆ, ಬೇರೆ ತಿಂಗಳು ತೂಕಡಿಸುತ್ತವೆ. ಹೀಗೆ ಗಾಳಿಯ ಕರೆಂಟು ನಿಂತಾಗ ಕ್ಷಾರ ಯಂತ್ರದೊಳಗೆ ಹಿಮ್ಮುಖ ಪ್ರವಾಹ ಹರಿದು ನಿಕ್ಕಲ್ ತಗಡು ಸವೆಯುತ್ತದೆ. ಪ್ರಯೋಗಾಲಯದಲ್ಲಿ ಒಂದೇ ಸಮನೆ ಕರೆಂಟು ಕೊಟ್ಟು ನೂರು ಗಂಟೆ ಬಾಳಿತೆಂದು ಬರೆದರೆ ಅದರಿಂದ ನಮಗೇನು? ಕಾರ್ಖಾನೆಗೆ ಬೇಕಾದ್ದು ಹತ್ತಾರು ಸಾವಿರ ಗಂಟೆ, ಅದೂ ಹತ್ತಿ ಆರುವ ಕರೆಂಟಿನಲ್ಲಿ.

ಆದ್ದರಿಂದ ಈ ಸಮ್ಮೇಳನದ ನಿರ್ಣಯಗಳಲ್ಲಿ ಒಂದನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಚಳ್ಳಕೆರೆಯ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಯ ಆವರಣವೇ ಇದೆ. ದುರ್ಗದ ಗಾಳಿಯ ಒಂದು ವರ್ಷದ ಏರಿಳಿತವನ್ನು ದಾಖಲಿಸಿ, ಅದೇ ಏರಿಳಿತದ ಕರೆಂಟಿನಲ್ಲಿ ಅಗ್ಗದ ವೇಗವರ್ಧಕಗಳನ್ನು ಪರೀಕ್ಷಿಸುವ ಘಟಕ ಅಲ್ಲಿ ಬರಲಿ. ಸೋತವುಗಳ ಅಂಕಿಯನ್ನೂ ಗೆದ್ದವುಗಳ ಜೊತೆಗೇ ಪ್ರಕಟಿಸಲಿ.