ಒಂದೇ ಮನೆತನ, ಎರಡು ಅಡ್ಡಹೆಸರು

ಕೇಳ್ತಾ ಕೇಳ್ತಾನೇ ನಿಮ್ಮ ಫೋನಿನ ಕಾಂಟ್ಯಾಕ್ಟ್ ಲಿಸ್ಟ್ ಒಮ್ಮೆ ತೆರೆಯಿರಿ. ಧಾರವಾಡ, ಗದಗ, ಬೆಳಗಾವಿ ಕಡೆಯ ಗೆಳೆಯರಿದ್ದರೆ ಅಲ್ಲಿ ಒಂದು ಸಂತೆಯೇ ಸಿಗುತ್ತೆ: ಬೆಲ್ಲದ, ಉಪ್ಪಿನ, ಮೆಣಸಿನಕಾಯಿ, ಅಂಗಡಿ, ಪತ್ತಾರ, ಕಂಬಾರ. ಉಳಿದವರದ್ದು ಬಸ್ ಬೋರ್ಡು: ಹಾನಗಲ್, ಮನ್ಸೂರ, ಗೋಕಾಕ. ಹಳೆ ಮೈಸೂರಿನವರು ಇದನ್ನೇ ಇನಿಷಿಯಲ್‌ನಲ್ಲಿ ಮುಚ್ಚಿಡ್ತಾರೆ. ಕೆ.ವಿ. ಪುಟ್ಟಪ್ಪ ಅನ್ನೋದರಲ್ಲಿನ ‘ಕೆ’ ಅಂದ್ರೆ ಕುಪ್ಪಳಿ.

ಊರಿನ ಅಡ್ಡಹೆಸರಲ್ಲಿ ಒಂದು ತಮಾಷೆ ಇದೆ. ಎಷ್ಟೋ ಸಲ ಅದು ಊರು ಬಿಟ್ಟ ಮೇಲೆ ಅಂಟಿಕೊಳ್ಳೋ ಹೆಸರು, ಅದನ್ನ ಇಡೋರು ಹೊಸ ಊರಿನ ಮಂದಿ. ವಿ.ಕೃ. ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಲ್ಲಿ. ಅದೇ ಸವಣೂರು ನಮ್ಮ ಅಡ್ಡಹೆಸರು, ನಮ್ಮ ಮನೆ ಮಾತ್ರ ಗದಗ ಹತ್ತಿರ.

ಇದು ಹೇಗಾಯ್ತು ಅಂತ ಗೊತ್ತಿದ್ದವರು ದೊಡ್ಡಪ್ಪ. ಹೋದ ಶ್ರಾವಣದಲ್ಲಿ ತೀರಿಕೊಂಡರು. ಬಸ್ಸಲ್ಲಿ ಪಕ್ಕ ಕೂತವರನ್ನೂ ‘ಯಾವೂರ್ರಿ, ಯಾರ ಪೈಕಿ?’ ಅಂತ ಕೇಳದೆ ಬಿಟ್ಟವರಲ್ಲ. ನಾವು ಹುಡುಗರು ನಾಚಿಕೊಂಡು ಕಿಟಕಿ ಕಡೆ ತಿರುಗ್ತಿದ್ವಿ.

ಅವರು ಹೇಳ್ತಿದ್ದದ್ದು ಇಷ್ಟು. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಮುತ್ತಜ್ಜನ ಅಪ್ಪ ಅಲ್ಲಿಂದ ಎಲೆ ಹೊತ್ತು ಸಂತೆಗೆ ಬರ್ತಾ ಬರ್ತಾ ಇಲ್ಲೇ ಉಳಿದ. ಊರವರು ಎಲಿಗಾರ ಅಂದರು. ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನ ಮನೆಯವರು ಇವತ್ತಿಗೂ ಎಲಿಗಾರರೇ. ಸಣ್ಣವ ನಮ್ಮ ಮುತ್ತಜ್ಜ. ಅವನ ಮಗನನ್ನು ಶಾಲೆಗೆ ಹಚ್ಚುವಾಗ ಮಾಸ್ತರರು ‘ನಿಮ್ಮ ಮಂದಿ ಎಲ್ಲಿಯವರೋ?’ ಅಂದರು. ಹುಡುಗ ‘ಸವಣೂರ’ ಅಂದ. ರಿಜಿಸ್ಟರಿಗೆ ಅದೇ ಹೋಯಿತು.

ಕೇಳೋಕೆ ಚೆಂದ. ಹೊಲದ ಮಾತು ಬಂದಾಗ ತಲೆನೋವು. ಹೊಲ ಇನ್ನೂ ಮುತ್ತಜ್ಜನ ಹೆಸರಲ್ಲೇ ಇತ್ತು. ದೊಡ್ಡಪ್ಪ ಹೋದ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬೇಕಾಯ್ತು. ಉತಾರದಲ್ಲಿ ಎಲಿಗಾರ, ನಮ್ಮೆಲ್ಲರ ಆಧಾರ್‌ನಲ್ಲಿ ಸವಣೂರ. ಒಂದೇ ಮನೆತನ ಅಂತ ತೋರಿಸೋದು ಹೇಗೆ? ದೊಡ್ಡಪ್ಪನ ಟ್ರಂಕಿನಲ್ಲಿ ಅಜ್ಜನ ಶಾಲಾ ದಾಖಲೆಯ ನಕಲು ಸಿಕ್ಕಿತು. ತಂದೆಯ ಹೆಸರು ಉತಾರದಲ್ಲಿದ್ದದ್ದೇ. ಜೊತೆಗೊಂದು ನೋಟ್‌ಬುಕ್, ಹೆಳವರ ಪುಸ್ತಕ ನೋಡಿ ಬರೆದುಕೊಂಡದ್ದು.

ಹೆಳವರು ಗೊತ್ತಲ್ಲ? ಹಿಂದೆ ಎತ್ತಿನ ಮೇಲೆ ಬರ್ತಿದ್ದವರು. ಮನೆ ಮುಂದೆ ನಿಂತು ಆ ಮನೆತನದ ಮೂಲದಿಂದ ಹಿಡಿದು ಒಂದೊಂದೇ ಹೆಸರು ಹೇಳ್ತಾ ಬರ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ತಾರೆ, ಕಾಳು-ಕಡಿ, ದುಡ್ಡು ಪಡೀತಾರೆ. ನಮ್ಮ ಮನೆಯ ಹಳೆ ಪುಟಗಳಲ್ಲಿ ಬರೀ ಗಂಡಸರು. ಒಂದು ಸುಗ್ಗಿಯಲ್ಲಿ ದೊಡ್ಡಪ್ಪ ಪಟ್ಟು ಹಿಡಿದರಂತೆ: ‘ಹೆಣ್ಣುಮಕ್ಕಳದೂ ಬರಿಯಪ್ಪಾ, ಇನ್ನೊಂದು ಚೀಲ ಜ್ವಾಳ ಕೊಡ್ತೀನಿ.’ ನನ್ನ ಹೆಸರು, ಅಕ್ಕನ ಹೆಸರು ಅಲ್ಲಿಗೆ ಬಂದದ್ದು ಹಾಗೆ. 2005ರ ತಿದ್ದುಪಡಿಯಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಆದರೂ ವಂಶವೃಕ್ಷದಿಂದ ಅಕ್ಕ-ತಂಗಿಯರನ್ನು ಸದ್ದಿಲ್ಲದೆ ಬಿಡೋ ಮನೆಗಳು ನಿಮಗೂ ಗೊತ್ತಿರ್ತವೆ. ನಮ್ಮ ಮನೆಯಲ್ಲಿ ಆ ಮಾತೇ ಏಳಲಿಲ್ಲ.

ನಿಮ್ಮ ಅಡ್ಡಹೆಸರು ಹುಡುಕೋದಾದರೆ ಅಜ್ಜ ಓದಿದ ಶಾಲೆಯ ರಿಜಿಸ್ಟರಿನಿಂದ ಶುರು ಮಾಡಿ. ಮನೆಗೆ ಹೆಳವರು ಬರ್ತಾರಾ ಅಂತ ಹಿರಿಯರನ್ನು ಕೇಳಿ. ಬಂದರೆ, ಅವರ ಒಪ್ಪಿಗೆ ಪಡೆದು ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ನಮ್ಮ ಹೆಳವರು ಈ ಸುಗ್ಗಿಗೆ ಬರಬೇಕು. ದೊಡ್ಡಪ್ಪ ತೀರಿಕೊಂಡ ತಾರೀಖು ಬರೆಸೋದಿದೆ. ದೊಡ್ಡವ್ವ ಈಗಲೇ ಎರಡು ಚೀಲ ಜೋಳ ತೆಗೆದಿಟ್ಟಿದ್ದಾರೆ.