ನಡುವೆ ಬಿಟ್ಟ ಓದು, ನಿಂತುಹೋದ ನೆರವು

(ಗೋಕಾಕ ತಾಲೂಕಿನ ಮಮದಾಪುರದಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ದಾಸೋಹದ ಬಗ್ಗೆ ಮಾತಾಡಬೇಕೆಂದು ಸಂಘಟಕರು ಹೇಳಿದ್ದಾರೆ. ನಾನು ಪಂಡಿತನಲ್ಲ. ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೆಲಸ ಮಾಡಿ ನಿವೃತ್ತನಾದವನು. ನಾನು ಕಂಡ ದಾಸೋಹ ಆ ಕಿಟಕಿಯಲ್ಲಿ ಕಂಡದ್ದು. ಅದನ್ನೇ ಹೇಳುತ್ತೇನೆ.

ನಮ್ಮ ಹಿರಿಯರು ವಿದ್ಯೆಯನ್ನು ದಾಸೋಹವೆಂದೇ ತಿಳಿದಿದ್ದರು. ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಆ ಏಳು ಜನರಲ್ಲಿ ಒಬ್ಬರು ಬಿ. ಬಿ. ಮಮದಾಪುರ; ನಿಮ್ಮೂರಿನ ಹೆಸರೇ ಅವರ ಅಡ್ಡಹೆಸರು. ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರು ಶಿವಬಸವ ಸ್ವಾಮಿಗಳು ಪ್ರಸಾದ ನಿಲಯ ನಡೆಸಿ ಸಾವಿರಾರು ಮಕ್ಕಳಿಗೆ ಅನ್ನವಿಟ್ಟರು. ಇಂದು ಸರ್ಕಾರದ ವಿದ್ಯಾರ್ಥಿವೇತನವೂ ಅದೇ ದಾರಿಯದು. ಯಾರದೋ ಬೆವರಿನ ತೆರಿಗೆ ನಮ್ಮ ಮಗುವಿನ ಖಾತೆಗೆ ಬರುತ್ತದೆ.

ಈ ನೆರವು ಸಿಗುವುದು ಹೇಗೆಂದು ಎಲ್ಲರೂ ಕೇಳುತ್ತಾರೆ. ನಡುವೆ ಕಾಲೇಜು ಬಿಟ್ಟರೆ ಅದು ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ನಮ್ಮ ಭಾಗದ ಕಥೆ ನಿಮಗೆ ಗೊತ್ತೇ ಇದೆ. ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆ ಶುರುವಾಗುತ್ತವೆ. ಕಬ್ಬಿನ ಟ್ರ್ಯಾಕ್ಟರ್ ನಡೆಸಲು ಹುಡುಗರು ಬೇಕು, ಕೈಯಲ್ಲಿ ರೊಕ್ಕ ಆಡುತ್ತದೆ. ಕಾಲೇಜಿನ ಹಿಂದಿನ ಬೆಂಚುಗಳು ಖಾಲಿಯಾಗುವುದು ಆಗಲೇ. ಬೇಸಿಗೆ ಮುಂದೆ ಮದುವೆ ಹಂಗಾಮು. ಆಗ ಹುಡುಗಿಯರ ಬೆಂಚು ಖಾಲಿ. ಯಾರೂ ಕಾಲೇಜು ಬಿಟ್ಟೆವು ಎಂದು ಹೇಳಿ ಹೋಗುವುದಿಲ್ಲ. ಬರುವುದನ್ನು ನಿಲ್ಲಿಸುತ್ತಾರೆ, ಅಷ್ಟೆ.

ಒಬ್ಬ ಹುಡುಗ ನನಗೆ ಹೇಳಿದ: "ಸರ್, ಈ ವರ್ಷ ಟ್ರ್ಯಾಕ್ಟರ್ ಹೊಡೀತೇನ್ರಿ, ಮುಂದಿನ ವರ್ಷ ಮತ್ತ ಬಂದು ಕುಂದರ್ತೇನಿ." ಹೇಳಿದಂತೆ ಮುಂದಿನ ವರ್ಷ ಬಂದ. ಆದರೆ ಜೊತೆಯವರು ಮುಂದಿನ ತರಗತಿಯಲ್ಲಿದ್ದರು. ಇವನು ಅದೇ ಸೆಮಿಸ್ಟರನ್ನು ಕಿರಿಯರ ಜೊತೆ ಕೂತು ಮಾಡಬೇಕಾಯಿತು. ವಿದ್ಯಾರ್ಥಿವೇತನ ನವೀಕರಣವಾಗಲಿಲ್ಲ. ಎರಡು ವಾರ ಬಂದು ಮತ್ತೆ ಬರಲಿಲ್ಲ. ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಲೆಕ್ಕ ಅವನಿಗೆ ಯಾರೂ ಹೇಳಿರಲಿಲ್ಲ.

ಆ ಲೆಕ್ಕ ಇಷ್ಟು. ಒಂದು ಸೆಮಿಸ್ಟರಿಗೆ ಕನಿಷ್ಠ 90 ದಿನ ಪಾಠ ನಡೆಯಬೇಕು. ಅದರಲ್ಲಿ ಶೇಕಡಾ 75 ಹಾಜರಿ ಇಲ್ಲದವರಿಗೆ ಪರೀಕ್ಷೆ ಬರೆಯಲು ಬಿಡುವುದಿಲ್ಲ. ಅಂದರೆ ಹೆಚ್ಚು ಕಡಿಮೆ 22 ದಿನದ ರಜೆ ಮಾತ್ರ ತಡೆಯುತ್ತದೆ. ಒಂದು ತಿಂಗಳು ಕಬ್ಬಿನ ಕೆಲಸಕ್ಕೆ ಹೋದರೆ ಆ ಗೆರೆ ದಾಟಿತು. ಪರೀಕ್ಷೆಯಲ್ಲಿ ನಪಾಸಾದ ವಿಷಯವನ್ನು ಮುಂದೆ ಮತ್ತೆ ಬರೆಯಬಹುದು. ಹಾಜರಿಯೇ ಇಲ್ಲದಿದ್ದರೆ ಪೂರ್ತಿ ಸೆಮಿಸ್ಟರನ್ನೇ ಮತ್ತೆ ಕೂತು ಮಾಡಬೇಕು. ಆದ್ದರಿಂದ ಮಕ್ಕಳೇ, ಓದು ಆಗಿಲ್ಲ ಎಂದು ಹೆದರಿ ಬಿಡಬೇಡಿ. ನಪಾಸಿಗೆ ದಾರಿ ಇದೆ, ಗೈರುಹಾಜರಿಗೆ ದಾರಿ ಕಷ್ಟ.

ಇನ್ನು ಹಣ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ. ಓದುವ ರೈತರ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500 ರೂಪಾಯಿ ನಿಗದಿಯಾಯಿತು. ವಿದ್ಯಾಸಿರಿಯಲ್ಲಿ ಊಟ ವಸತಿಗೆ ತಿಂಗಳಿಗೆ 1,500ರಂತೆ 10 ತಿಂಗಳು ನಿಗದಿಯಾಗಿತ್ತು. ಪಿಯುಸಿಯಲ್ಲಿ ಒಳ್ಳೆ ಅಂಕ ಪಡೆದವರಿಗೆ ಕೇಂದ್ರದ ವಿದ್ಯಾರ್ಥಿವೇತನ ಇದೆ. ಅದು ಪ್ರತಿ ವರ್ಷ ಮುಂದುವರಿಯಲು ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕೇ ಬೇಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ನಿಯಮದಲ್ಲಿ ಇನ್ನೊಂದು ಮಾತಿದೆ: ವರ್ಷದ ನಡುವೆ ಓದು ಬಿಟ್ಟವರಿಂದ ಕೊಟ್ಟ ಹಣವನ್ನು ಸರ್ಕಾರ ವಾಪಸು ಕೇಳಬಹುದು.

ಎಂಜಿನಿಯರಿಂಗ್, ನರ್ಸಿಂಗ್ ಓದಿಗೆ ಬ್ಯಾಂಕಿನ ಸಾಲ ತೆಗೆದವರು ಇನ್ನೂ ಎಚ್ಚರವಾಗಿರಬೇಕು. ವರ್ಷಕ್ಕೆ ನಾಲ್ಕೂವರೆ ಲಕ್ಷದವರೆಗೆ ವರಮಾನ ಇರುವ ಮನೆಗಳಿಗಾಗಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ಓದುವ ಕಾಲದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ನಡುವೆ ಬಿಟ್ಟವರಿಗೆ ಆ ಸೌಲಭ್ಯ ಇಲ್ಲ. ಅನಾರೋಗ್ಯದಿಂದ ಬಿಟ್ಟಿದ್ದರೆ, ಕಾಲೇಜಿನ ಮುಖ್ಯಸ್ಥರು ಒಪ್ಪುವ ದಾಖಲೆ ಇದ್ದರೆ, ವಿನಾಯಿತಿ ಉಂಟು. ಒಂದೇ ಕಾಯಿಲೆ, ಹೇಳಿ ಬಿಟ್ಟವನಿಗೆ ಒಂದು ದಾರಿ, ಹೇಳದೆ ಬಿಟ್ಟವನಿಗೆ ಇನ್ನೊಂದು. ಒಂದು ಕಾಗದದ ಬೆಲೆ ಎಷ್ಟು ನೋಡಿ.

ಬಿಡಲೇಬೇಕಾದ ಮನೆಗಳೂ ಇವೆ. ತಂದೆ ಹಾಸಿಗೆ ಹಿಡಿದರೆ ದೊಡ್ಡ ಮಗ ಏನು ಮಾಡಬೇಕು? ಅವನಿಗೆ ನಾನು ಬುದ್ಧಿ ಹೇಳಲಾರೆ. ಮನೆ ಹಿಡಿದು ನಿಲ್ಲುವುದೂ ಕಾಯಕವೇ. ಆದರೆ ಬಿಡುವ ಮೊದಲು ಕಾಲೇಜಿಗೆ ಒಂದು ಸಲ ಬರಲಿ. ಪರೀಕ್ಷೆಗೆ ಎಷ್ಟು ವಾರ ಉಳಿದಿದೆ ಎಂದು ಕೇಳಲಿ. ಉಳಿದದ್ದು ಮೂರು ವಾರವಾದರೆ ಮುಗಿಸಿಯೇ ಹೋಗಲಿ. ಮುಗಿದ ಸೆಮಿಸ್ಟರನ್ನು ಯಾರೂ ಕಿತ್ತುಕೊಳ್ಳಲಾರರು. ಪ್ರವೇಶ ಪಡೆದ ಹೊಸದರಲ್ಲೇ ಬಿಡುವುದಾದರೆ ತಡಮಾಡಬಾರದು. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮದಂತೆ ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬರೆದುಕೊಟ್ಟರೆ ಶೇಕಡಾ 80 ಶುಲ್ಕ ವಾಪಸು, 30 ದಿನದೊಳಗಾದರೆ ಅರ್ಧ, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ದಿನವೂ ಬರಲಾಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ದುಡಿಯುತ್ತಲೇ ಪದವಿ ಮಾಡಬಹುದು.

ತಾಯಂದಿರೇ, ಮಗಳ ಮದುವೆ ಗೊತ್ತುಮಾಡುವಾಗ ಪಂಚಾಂಗದ ಜೊತೆ ಪರೀಕ್ಷೆಯ ವೇಳಾಪಟ್ಟಿಯನ್ನೂ ಬೀಗರ ಮುಂದಿಡಿ. ಒಬ್ಬ ತಾಯಿ ಹಾಗೆ ಮಾಡಿದ್ದನ್ನು ನಾನು ಬಲ್ಲೆ. "ನಮ್ಮ ಹುಡುಗಿ ಕಡೀ ಪೇಪರ್ ಬರದ ಮ್ಯಾಲ ಅಕ್ಕಿಕಾಳು" ಎಂದು ಬೀಗರಿಗೆ ನೇರವಾಗಿ ಹೇಳಿದರು. ಮದುವೆ ಒಂದು ತಿಂಗಳು ಮುಂದೆ ಹೋಯಿತು, ಮುರಿಯಲಿಲ್ಲ. ಹೆಣ್ಣುಮಕ್ಕಳನ್ನು ಅನುಭವ ಮಂಟಪದಲ್ಲಿ ಸರಿಸಮ ಕೂರಿಸಿದ ಪರಂಪರೆ ನಮ್ಮದೆಂದು ವೇದಿಕೆ ಮೇಲೆ ಹೇಳುತ್ತೇವೆ. ಅದೇ ಹೆಣ್ಣುಮಗಳನ್ನು ಪರೀಕ್ಷೆಗೆ ಹದಿನೈದು ದಿನ ಇರುವಾಗ ಎಬ್ಬಿಸಿಕೊಂಡು ಹೋದರೆ ಆ ಮಾತಿಗೆ ಬೆಲೆ ಎಲ್ಲಿ?

ಕೊನೆಗೆ ಮಠದ ಕಮಿಟಿಯವರಲ್ಲಿ ಒಂದು ವಿನಂತಿ. ಜಾತ್ರೆಯ ಪಟ್ಟಿ ಬರೆಯಲು ಪುಸ್ತಕ ಇಟ್ಟಿದ್ದೀರಿ. ಇನ್ನೊಂದು ಪುಸ್ತಕ ಇಡಿ. ಊರಿನಿಂದ ಕಾಲೇಜಿಗೆ ಹೋಗುವ ಮಕ್ಕಳ ಹೆಸರು ಅದರಲ್ಲಿರಲಿ, ಯಾವ ಜಾತಿಯವರೇ ಆಗಲಿ. ದೀಪಾವಳಿಗೊಮ್ಮೆ, ಸಂಕ್ರಾಂತಿಗೊಮ್ಮೆ ಅವರ ಮನೆಗೆ ಹೋಗಿ ಕೇಳಿ: ಕಾಲೇಜಿಗೆ ಹೋಗುತ್ತಿದ್ದಾನೆಯೇ, ನವೀಕರಣದ ಅರ್ಜಿ ಹಾಕಿದ್ದಾಳೆಯೇ? ಬಸ್ಸಿನ ಪಾಸಿಗೆ, ಪರೀಕ್ಷಾ ಶುಲ್ಕಕ್ಕೆ ಕಡಿಮೆ ಬಿದ್ದವರಿಗೆ ಆ ಹೊತ್ತಿಗೆ ಒಂದಿಷ್ಟು ಕೊಡಿ. ಸಾವಿರ ಎರಡು ಸಾವಿರಕ್ಕೆ ಓದು ನಿಂತದ್ದನ್ನು ಆ ಕಿಟಕಿಯಲ್ಲಿ ಕೂತು ಬಹಳ ಸಲ ನೋಡಿದ್ದೇನೆ.

ಕೊಡುವುದು ದಾಸೋಹದ ಅರ್ಧ. ಕೊಟ್ಟದ್ದು ದಡ ಮುಟ್ಟಿತೇ ಎಂದು ವಿಚಾರಿಸುವುದು ಇನ್ನರ್ಧ. ಈ ವರ್ಷದ ಪುಸ್ತಕದಲ್ಲಿ ಮೊದಲ ಹೆಸರು ಇಂದೇ ಬರೆಯಿರಿ. ಹಿಂದೆ ಗೋಡೆಗೆ ಆತು ನಿಂತವರಿಂದಲೇ ಶುರು ಮಾಡಿ.