ಮನೆಗೆ ಕಳುಹಿಸುವುದು ಚಿಕಿತ್ಸೆಯಲ್ಲ: ವಸತಿ ಶಾಲೆಯಲ್ಲಿ ಶುಶ್ರೂಷಕಿಯ ಹೊಣೆ

(ವಸತಿ ಶಾಲೆಗಳ ಪ್ರಾಂಶುಪಾಲರು, ನಿಲಯಪಾಲಕರು ಹಾಗೂ ಶುಶ್ರೂಷಕಿಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



1902ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ ಬರುತ್ತಿದ್ದ ವೈದ್ಯರು ಕಣ್ಣುಬೇನೆ, ಹುಳುಕಡ್ಡಿ, ತಲೆಹೇನು ಕಂಡ ಮಕ್ಕಳನ್ನೆಲ್ಲ ಮನೆಗೆ ಕಳುಹಿಸುತ್ತಿದ್ದರು. ರೋಗ ಹರಡದಿರಲಿ ಎಂಬುದು ಉದ್ದೇಶ. ಆದರೆ ಮನೆಯಲ್ಲಿ ಔಷಧ ಹಚ್ಚುವವರಿರಲಿಲ್ಲ. ಮಕ್ಕಳು ಬೀದಿಯಲ್ಲಿ ಅದೇ ಗೆಳೆಯರೊಡನೆ ಆಡುತ್ತಿದ್ದರು, ತರಗತಿಗಳು ಬರಿದಾಗುತ್ತಿದ್ದವು. ಆಗ ಲಿಲಿಯನ್ ವಾಲ್ಡ್ ಅವರು ಲೀನಾ ರೋಜರ್ಸ್ ಎಂಬ ಶುಶ್ರೂಷಕಿಯನ್ನು ನಾಲ್ಕು ಶಾಲೆಗಳಿಗೆ ಒಂದು ತಿಂಗಳ ಪ್ರಯೋಗಕ್ಕಾಗಿ ಕಳುಹಿಸಿದರು. ರೋಜರ್ಸ್ ಸಣ್ಣಪುಟ್ಟ ರೋಗಗಳಿಗೆ ಶಾಲೆಯಲ್ಲಿಯೇ ಔಷಧ ಹಚ್ಚಿದರು, ಮನೆಗಳಿಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ವರ್ಷ ತಿರುಗುವಷ್ಟರಲ್ಲಿ ಹೊರಗುಳಿಯುವ ಮಕ್ಕಳ ಸಂಖ್ಯೆ ಬಹಳವಾಗಿ ಇಳಿಯಿತು. ನಗರಾಡಳಿತವು ಇನ್ನಷ್ಟು ಶುಶ್ರೂಷಕಿಯರನ್ನು ನೇಮಿಸಿತು.

ವಸತಿ ಶಾಲೆಗಳಿಗೆ ಈ ಪ್ರಸಂಗ ದೂರದ್ದಲ್ಲ. ಕಜ್ಜಿ ಕಂಡೊಡನೆ ಪಾಲಕರಿಗೆ ದೂರವಾಣಿ ಮಾಡಿ ಮಗುವನ್ನು ಊರಿಗೆ ಕಳುಹಿಸುವ ರೂಢಿ ಇಂದಿಗೂ ಉಂಟು. ತಂದೆತಾಯಿ ಕಬ್ಬು ಕಟಾವಿಗೆ ಗುಳೆ ಹೋಗಿದ್ದರೆ ಆ ಮಗು ಅಜ್ಜಿಯ ಬಳಿ ಹದಿನೈದು ದಿನ ಕಳೆದು, ಕಜ್ಜಿಯೊಡನೆಯೇ ಮರಳುತ್ತದೆ; ಕೆಲವೊಮ್ಮೆ, ವಿಶೇಷವಾಗಿ ಹೆಣ್ಣುಮಗುವಾದರೆ, ಮರಳುವುದೇ ಇಲ್ಲ. ಕಜ್ಜಿ ಒಬ್ಬರ ರೋಗವಲ್ಲ, ಕೊಠಡಿಯ ರೋಗ. ವೈದ್ಯರು ಸೂಚಿಸಿದ ಪರ್ಮೆಥ್ರಿನ್ ಮುಲಾಮನ್ನು ಆ ಕೊಠಡಿಯ ಎಲ್ಲರಿಗೂ, ತುರಿಕೆ ಇಲ್ಲದವರಿಗೂ, ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಸಿ ಬೆಳಿಗ್ಗೆ ತೊಳೆಸಬೇಕು. ವಾರದ ಬಳಿಕ ಮತ್ತೊಮ್ಮೆ. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಚೀಲದಲ್ಲಿ ಕಟ್ಟಿ ಕನಿಷ್ಠ ಮೂರು ದಿನ ಇಡಬೇಕು. ತುರಿಕೆ ಎರಡು ಮೂರು ವಾರ ಉಳಿಯಬಹುದೆಂದು ಮಕ್ಕಳಿಗೆ ಮೊದಲೇ ತಿಳಿಸದಿದ್ದರೆ ಅವರು ಔಷಧದ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ.

2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಉಳಿದ ದಿನಗಳ ಕಣ್ಣು ಶುಶ್ರೂಷಕಿಯದೇ. ಹಲಗೆ ಕಾಣದೆ ಹಿಂದಿನ ಸಾಲಿನಲ್ಲಿ ಕುಳಿತು ‘ದಡ್ಡ’ ಎನಿಸಿಕೊಂಡ ಬಾಲಕ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಬಾಲಕಿ, ಇಂಥವರನ್ನು ಆಕೆ ತಂಡದ ಭೇಟಿಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟದ ನಂತರ, ಎದುರಿನಲ್ಲಿಯೇ ನುಂಗಿಸಬೇಕು. ಕೈಗೆ ಕೊಟ್ಟು ಕಳುಹಿಸಿದ ಮಾತ್ರೆಗಳು ಕಿಟಕಿಯ ಹೊರಗೆ ಸಿಗುತ್ತವೆ ಎಂಬುದು ನಿಲಯಪಾಲಕರಿಗೆ ಹೊಸ ಸಂಗತಿಯೇನಲ್ಲ.

ತುರ್ತು ಸಂದರ್ಭದಲ್ಲಿ ಮಾಡಬಾರದ್ದನ್ನು ತಿಳಿದಿರುವುದೇ ಅರ್ಧ ರಕ್ಷಣೆ. ಮೂರ್ಛೆ ಬಂದ ಮಗುವಿನ ಕೈಗೆ ಕಬ್ಬಿಣ ಕೊಡಬಾರದು, ಬಾಯಿಗೆ ಏನನ್ನೂ ತುರುಕಬಾರದು. ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ 108ಕ್ಕೆ ಕರೆ. ಹಾವು ಕಚ್ಚಿದಲ್ಲಿ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಅಂಗವನ್ನು ಅಲುಗಾಡಿಸದೆ, ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ವಿಷಯ ಸೂಕ್ಷ್ಮವಾದುದು. ಪದೇ ಪದೇ ಹೊಟ್ಟೆನೋವೆಂದು ಬಂದು, ಏನನ್ನೂ ಹೇಳದೆ ಕುಳಿತುಹೋಗುವ ಮಗುವಿಗೆ ಮಾತ್ರೆಗಿಂತ ಮೊದಲು ಸಮಯ ಬೇಕು. ಲೈಂಗಿಕ ದೌರ್ಜನ್ಯದ ಸುಳಿವು ದೊರೆತರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಕೆಡುವುದೆಂದು ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯು ಪ್ರತಿ ಮಲಗುಕೊಠಡಿಯ ಗೋಡೆಯ ಮೇಲಿರಲಿ.

ಶುಶ್ರೂಷಕಿಯನ್ನು ಕಚೇರಿಯ ದತ್ತಾಂಶ ನಮೂದಿಗೆ ಕೂರಿಸಿ, ಆಕೆಯ ಕೊಠಡಿಯಲ್ಲಿ ಮುರಿದ ಬೆಂಚು ಪೇರಿಸಿದರೆ ಇವು ಯಾವುವೂ ನಡೆಯುವುದಿಲ್ಲ. ಪ್ರಾಂಶುಪಾಲರು ಈ ವಾರದಲ್ಲಿಯೇ ಆ ಕೊಠಡಿಯನ್ನು ತೆರವುಗೊಳಿಸಿ ಒಂದು ಮಂಚ, ಕುಡಿಯುವ ನೀರು, ದೀಪದ ವ್ಯವಸ್ಥೆ ಮಾಡಬೇಕು. ಆಕೆ ರಜೆಯಲ್ಲಿರುವಾಗ ರಾತ್ರಿ ಔಷಧ ಕಪಾಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಬರೆದು ಬಾಗಿಲಿಗೆ ಅಂಟಿಸಬೇಕು.